ನಾಯಿಯ ಚರ್ಮದ ಸೋಂಕು ಮಾತ್ರೆಗೆ ಬಗ್ಗದಿದ್ದಾಗ

ನಾಯಿಯ ಹೊಟ್ಟೆಯ ಮೇಲೆ, ತೊಡೆಯ ಸಂದಿಯಲ್ಲಿ ಅಥವಾ ಬೆನ್ನುದ್ದಕ್ಕೂ ಕೀವುಗುಳ್ಳೆಗಳೆದ್ದು, ಪಶುವೈದ್ಯರು ಬರೆದುಕೊಟ್ಟ ಮಾತ್ರೆಯನ್ನು ಎರಡು ವಾರ ತಪ್ಪದೆ ಕೊಟ್ಟರೂ ಹಳೆಯವು ಮಾಗದೆ ಹೊಸವು ಏಳುತ್ತಲೇ ಇದ್ದರೆ, ಆ ಸೋಂಕಿನ ಹಿಂದೆ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾ ಇರಬಹುದೆಂದು ಅನುಮಾನಿಸಬೇಕು. ನಮ್ಮ ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಲ್ಲಿ ಇಂಥ ಹೊತ್ತಿನಲ್ಲಿ ಸಾಮಾನ್ಯವಾಗಿ ನಡೆಯುವುದೇನೆಂದರೆ, ಒಂದು ಮಾತ್ರೆ ಕೆಲಸ ಮಾಡಲಿಲ್ಲವೆಂದು ಅದಕ್ಕಿಂತ ‘ಪವರ್’ ಹೆಚ್ಚಿರುವ ಇನ್ನೊಂದನ್ನು ಕೇಳಿ ಪಡೆಯುವುದು, ಅದೂ ಆಗದಿದ್ದರೆ ಇಂಜೆಕ್ಷನ್ ಹಾಕಿಸುವುದು, ಕೊನೆಗೆ ಯಾರೋ ಹೇಳಿದ ಎಣ್ಣೆ ಹಚ್ಚಿ ಸುಮ್ಮನಾಗುವುದು. ಇದಕ್ಕೆ ಬದಲಾಗಿ ಮಾತ್ರೆ ಬದಲಿಸುವ ಮೊದಲು ಪರೀಕ್ಷೆ ಮಾಡಿಸುವುದು, ಮತ್ತು ಮಾತ್ರೆಗಿಂತ ಹೆಚ್ಚಾಗಿ ಚರ್ಮವನ್ನು ಹೊರಗಿನಿಂದಲೇ ತೊಳೆದು ಗುಣಪಡಿಸುವ ಚಿಕಿತ್ಸೆಯನ್ನು ನೆಚ್ಚುವುದು ಹೇಗೆ ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ನಾಯಿಗಳ ಚರ್ಮದ ಸೋಂಕಿಗೆ ಬಹುಪಾಲು ಕಾರಣವಾಗುವ ಬ್ಯಾಕ್ಟೀರಿಯಾದ ಹೆಸರು ಸ್ಟೆಫಿಲೊಕಾಕಸ್ ಸ್ಯೂಡಿಂಟರ್‌ಮೀಡಿಯಸ್. ವಿಜ್ಞಾನಿಗಳು ಇದನ್ನು ಪ್ರತ್ಯೇಕ ಪ್ರಭೇದವೆಂದು ಗುರುತಿಸಿದ್ದು 2005ರಲ್ಲಿ. ಇದು ಹೊರಗಿನಿಂದ ಬಂದು ಮೇಲೆ ಬೀಳುವ ಶತ್ರುವೇನಲ್ಲ. ಆರೋಗ್ಯವಾಗಿರುವ ನಾಯಿಯ ಮೂಗು, ಬಾಯಿ, ಗುದದ್ವಾರದ ಸುತ್ತಮುತ್ತ ಮತ್ತು ಚರ್ಮದ ಮೇಲೆ ಸದಾ ವಾಸವಾಗಿರುತ್ತದೆ. ತುರಿಕೆ, ಗಾಯ, ತೇವ ಅಥವಾ ಇನ್ನಾವುದೋ ಕಾಯಿಲೆಯಿಂದ ಚರ್ಮ ದುರ್ಬಲಗೊಂಡಾಗ ಮಾತ್ರ ಸೋಂಕಾಗಿ ತಿರುಗುತ್ತದೆ. ಇದೇ ಬ್ಯಾಕ್ಟೀರಿಯಾದ ಕೆಲವು ತಳಿಗಳು ಮೆಕ್-ಎ ಎಂಬ ಜೀನನ್ನು ಪಡೆದುಕೊಂಡಿದ್ದು, ಅದರ ಬಲದಿಂದ ಪೆನಿಸಿಲಿನ್ ಮತ್ತು ಸೆಫಲೋಸ್ಪೊರಿನ್ ವಂಶದ ಔಷಧಗಳು ತಮ್ಮ ಜೀವಕೋಶದ ಗೋಡೆಯನ್ನು ಕೆಡಿಸದಂತೆ ತಡೆದುಕೊಳ್ಳುತ್ತವೆ. ಇಂಥವನ್ನು ವೈದ್ಯರು ಎಂಆರ್‌ಎಸ್‌ಪಿ ಎನ್ನುತ್ತಾರೆ. ನಾಯಿಗಳಿಗೆ ಸಾಮಾನ್ಯವಾಗಿ ಮೊದಲು ಬರೆಯುವ ಸೆಫಲೆಕ್ಸಿನ್, ಅಮಾಕ್ಸಿಸಿಲಿನ್-ಕ್ಲಾವುಲನೇಟ್, ಸೆಫ್‌ಪೊಡಾಕ್ಸಿಮ್ ಮೂರೂ ಈ ವಂಶಗಳವೇ ಆದ್ದರಿಂದ, ಒಂದಕ್ಕೆ ಬಗ್ಗದ ಎಂಆರ್‌ಎಸ್‌ಪಿ ಉಳಿದೆರಡಕ್ಕೂ ಬಗ್ಗುವುದಿಲ್ಲ. ಹೆಚ್ಚಿನ ಬೆಲೆಯದು ಅಥವಾ ಹೊಸದು ಎಂಬ ಕಾರಣಕ್ಕೆ ಅದೇ ವಂಶದ ಬೇರೊಂದು ಮಾತ್ರೆಗೆ ಬದಲಾಯಿಸುವುದರಿಂದ ಪ್ರಯೋಜನವಿಲ್ಲ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ಸರಿಪಡಿಸಿಕೊಳ್ಳುವುದು ಒಳ್ಳೆಯದು. ಔಷಧಕ್ಕೆ ಬಗ್ಗದ ತಳಿ ಎಂದರೆ ಹೆಚ್ಚು ಉಗ್ರವಾದ ತಳಿ ಎಂದಲ್ಲ. ಇದು ಎಬ್ಬಿಸುವ ಗುಳ್ಳೆಗಳೂ ಸಾಮಾನ್ಯ ತಳಿ ಎಬ್ಬಿಸುವ ಗುಳ್ಳೆಗಳೂ ಒಂದೇ ಬಗೆಯವು, ಕಣ್ಣಿನಿಂದ ನೋಡಿ ಬೇರ್ಪಡಿಸಲು ಎಷ್ಟೇ ಅನುಭವವಿರುವ ವೈದ್ಯರಿಗೂ ಸಾಧ್ಯವಿಲ್ಲ. ಚಿಕಿತ್ಸೆಗೆ ಉಳಿದಿರುವ ದಾರಿಗಳು ಕಡಿಮೆ ಎಂಬುದಷ್ಟೇ ವ್ಯತ್ಯಾಸ. ಸರಿಯಾಗಿ ನೋಡಿಕೊಂಡರೆ ಇಂಥ ಸೋಂಕಿಗೆ ತುತ್ತಾದ ಬಹುತೇಕ ನಾಯಿಗಳು ಗುಣವಾಗುತ್ತವೆ.

ಮಾತ್ರೆಯನ್ನು ದೂರುವ ಮೊದಲು

ಮಾತ್ರೆ ಫಲಿಸದಿರಲು ಬ್ಯಾಕ್ಟೀರಿಯಾದ ಮೊಂಡುತನವೊಂದೇ ಕಾರಣವಲ್ಲ. ನಾಯಿಯ ತೂಕವನ್ನು ಅಂದಾಜಿನ ಮೇಲೆ ಹೇಳಿ ಮಾತ್ರೆ ಬರೆಸಿಕೊಂಡಿದ್ದರೆ ಪ್ರಮಾಣ ಸಾಲದೆ ಹೋಗಿರಬಹುದು. ಬೆಳೆಯುವ ಮರಿಯಾದರಂತೂ ತಿಂಗಳೊಳಗೆ ತೂಕ ಬದಲಾಗಿರುತ್ತದೆ. ಮನೆಯ ತೂಕದ ಯಂತ್ರದ ಮೇಲೆ ಮೊದಲು ತಾವೊಬ್ಬರೇ ನಿಂತು, ನಂತರ ನಾಯಿಯನ್ನು ಎತ್ತಿಕೊಂಡು ನಿಂತು, ಎರಡರ ವ್ಯತ್ಯಾಸವನ್ನು ಬರೆದುಕೊಂಡು ಹೋದರೆ ಈ ಸಂಶಯ ಉಳಿಯುವುದಿಲ್ಲ. ದಿನಕ್ಕೆರಡು ಬಾರಿ ಕೊಡಬೇಕಾದ್ದನ್ನು ಒಂದೇ ಬಾರಿ ಕೊಟ್ಟಿದ್ದರೆ, ಗುಳ್ಳೆ ಒಣಗಿತೆಂದು ನಡುವೆ ನಿಲ್ಲಿಸಿದ್ದರೆ, ನಾಯಿ ಮಾತ್ರೆಯನ್ನು ಬಾಯಲ್ಲೇ ಇಟ್ಟುಕೊಂಡು ಹಿತ್ತಲಿನಲ್ಲಿ ಉಗುಳುತ್ತಿದ್ದರೆ ಅದನ್ನೂ ವೈದ್ಯರಿಗೆ ಮುಚ್ಚುಮರೆಯಿಲ್ಲದೆ ತಿಳಿಸಬೇಕು.

ಬೇರೆ ಕಾಯಿಲೆಗಳೂ ಇದೇ ವೇಷದಲ್ಲಿ ಬರುತ್ತವೆ. ಕೀವುಗುಳ್ಳೆ ಒಡೆದ ಮೇಲೆ ಚರ್ಮದ ಮೇಲೆ ಉಳಿಯುವ ಗುರುತನ್ನು ಹತ್ತಿರದಿಂದ ನೋಡಿದರೆ, ನಾಲ್ಕಾಣೆಯಷ್ಟಗಲದ ಒಂದು ವೃತ್ತ, ಅದರ ಅಂಚಿನಲ್ಲಿ ಸುತ್ತಲೂ ಎದ್ದುನಿಂತ ತೆಳುವಾದ ಸಿಪ್ಪೆ, ನಡುವೆ ಕೆಂಪಗೆ ಅಥವಾ ಕಪ್ಪಗೆ ತಿರುಗಿದ ಚರ್ಮ ಕಾಣುತ್ತದೆ. ಇದನ್ನು ಹುಳುಕಡ್ಡಿ ಎಂದು ತಿಳಿದು ಮನುಷ್ಯರ ಹುಳುಕಡ್ಡಿ ಮುಲಾಮನ್ನು ಹಚ್ಚುವವರು ಬಹಳ ಮಂದಿ. ಆ ಮುಲಾಮುಗಳಲ್ಲಿ ಹಲವಕ್ಕೆ ತೀಕ್ಷ್ಣವಾದ ಸ್ಟೆರಾಯ್ಡ್ ಬೆರೆಸಿರುವುದರಿಂದ ನಾಲ್ಕು ದಿನ ಕೆಂಪು ಇಳಿದು, ತುರಿಕೆ ನಿಂತು, ಗುಣವಾಯಿತೆಂಬ ಭ್ರಮೆ ಹುಟ್ಟುತ್ತದೆ. ಅಷ್ಟರಲ್ಲಿ ಚರ್ಮ ತೆಳುವಾಗಿ, ಸೋಂಕು ಮೊದಲಿಗಿಂತ ಅಗಲಕ್ಕೆ ಹರಡಿರುತ್ತದೆ. ನಿಜವಾದ ಹುಳುಕಡ್ಡಿಯೂ ನಾಯಿಗೆ ಬರುವುದುಂಟು, ಕೂದಲಿನ ಬುಡದಲ್ಲಿರುವ ಡೆಮೊಡೆಕ್ಸ್ ನುಸಿಯಿಂದಲೂ ಇಂಥದೇ ಗುಳ್ಳೆಗಳು ಏಳುವುದುಂಟು, ಕಜ್ಜಿ ನುಸಿಯೂ ಉಂಟು. ಚರ್ಮವನ್ನು ಬ್ಲೇಡಿನಿಂದ ಮೆಲ್ಲಗೆ ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ನುಸಿಯ ಪ್ರಶ್ನೆ ಬಹುಮಟ್ಟಿಗೆ ಅಲ್ಲೇ ಇತ್ಯರ್ಥವಾಗುತ್ತದೆ. ಇಷ್ಟನ್ನು ಕೇಳಿ ಮಾಡಿಸಿಕೊಳ್ಳಲು ಸಂಕೋಚಪಡಬೇಕಾಗಿಲ್ಲ.

ಮಾದರಿ ತೆಗೆಸುವುದು ಮತ್ತು ಕಳುಹಿಸುವುದು

ವೈದ್ಯರು ಮೊದಲು ಮಾಡಬೇಕಾದ್ದು ಗಾಜಿನ ಪಟ್ಟಿಯನ್ನು ಗಾಯಕ್ಕೆ ಒತ್ತಿ, ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುವ ಪರೀಕ್ಷೆ. ಹತ್ತು ನಿಮಿಷದ ಕೆಲಸವಾದ ಇದರಿಂದ ಬ್ಯಾಕ್ಟೀರಿಯಾ ಇದೆಯೇ, ಅದು ಗುಂಡಗಿದೆಯೇ ಕಡ್ಡಿಯಂತಿದೆಯೇ, ಜೊತೆಗೆ ಯೀಸ್ಟ್ ಸೇರಿದೆಯೇ ಎಂಬುದು ತಿಳಿಯುತ್ತದೆ. ಸ್ಟೆಫಿಲೊಕಾಕಸ್ ಗುಂಡಗಿನದು, ಕಡ್ಡಿಯಂಥವು ಕಂಡರೆ ಬೇರೆ ಬ್ಯಾಕ್ಟೀರಿಯಾ ಸೇರಿಕೊಂಡಿದೆ ಎಂದರ್ಥ, ಆಗ ಮಾದರಿಯಲ್ಲಿರುವ ಬ್ಯಾಕ್ಟೀರಿಯಾವನ್ನು ಪ್ರಯೋಗಾಲಯದಲ್ಲಿ ಬೆಳೆಸಿ, ಅದು ಯಾವ ಔಷಧಕ್ಕೆ ಬಗ್ಗುತ್ತದೆಂದು ನೋಡುವ ಕಲ್ಚರ್ ಪರೀಕ್ಷೆ ಬೇಕೇ ಬೇಕು. ಮಾತ್ರೆ ಸೋತಾಗ, ಸೋಂಕು ಮರುಕಳಿಸಿದಾಗ, ಗಂಟಿನಂತೆ ಊದಿ ತೂತುಬಿದ್ದು ರಕ್ತ ಬೆರೆತ ಕೀವು ಸೋರುವ ಆಳದ ಸೋಂಕಾದಾಗಲೂ ಕಲ್ಚರ್ ಮಾಡಿಸದೆ ಹೊಸ ಆಂಟಿಬಯಾಟಿಕ್ ಶುರುಮಾಡಬಾರದು.

ಮಾದರಿ ಕೊಡುವ ಮೊದಲಿನ ಎರಡು ಮೂರು ದಿನ ನಾಯಿಗೆ ಔಷಧದ ಸ್ನಾನ ಮಾಡಿಸಬಾರದು, ಮುಲಾಮನ್ನೂ ಹಚ್ಚಬಾರದು. ಮಾತ್ರೆ ನಡೆಯುತ್ತಿದ್ದರೆ ಅದನ್ನು ತಾವಾಗಿಯೇ ನಿಲ್ಲಿಸದೆ, ಯಾವ ಮಾತ್ರೆ, ಯಾವಾಗಿನಿಂದ ಎಂಬುದನ್ನು ವೈದ್ಯರಿಗೆ ತಿಳಿಸಿದರೆ ಸಾಕು. ಒಡೆಯದ ಕೀವುಗುಳ್ಳೆ ಇದ್ದರೆ ಅದೇ ಅತ್ಯುತ್ತಮ ಮಾದರಿ: ಶುದ್ಧವಾದ ಸೂಜಿಯಿಂದ ಗುಳ್ಳೆಯ ತುದಿಯನ್ನು ಚುಚ್ಚಿ ಹೊರಬಂದ ಹನಿಯನ್ನು ಸ್ವ್ಯಾಬಿಗೆ, ಅಂದರೆ ತುದಿಗೆ ಹತ್ತಿ ಸುತ್ತಿದ ಶುದ್ಧವಾದ ಕಡ್ಡಿಗೆ, ತೆಗೆದುಕೊಳ್ಳುತ್ತಾರೆ. ಗುಳ್ಳೆ ಇಲ್ಲದಿದ್ದರೆ ಹಕ್ಕಳೆಯನ್ನು ಎತ್ತಿ ಅದರಡಿಯಿಂದ ಅಥವಾ ಮೇಲೆ ಹೇಳಿದ ಸಿಪ್ಪೆಯ ಅಂಚಿನ ಕೆಳಗಿನಿಂದ ತೆಗೆಯಬೇಕು. ತೆರೆದ ಹುಣ್ಣಿನ ಮೇಲ್ಭಾಗವನ್ನು ಸವರಿ ಕಳುಹಿಸಿದರೆ ಅಲ್ಲಿ ಬಂದು ಕುಳಿತಿರುವ ಧೂಳಿನ ಬ್ಯಾಕ್ಟೀರಿಯಾಗಳೂ ಬೆಳೆದು, ವರದಿ ದಾರಿತಪ್ಪಿಸುತ್ತದೆ.

ತಾಲ್ಲೂಕಿನ ಪಶು ಆಸ್ಪತ್ರೆಗಳಲ್ಲಿ ಈ ಪರೀಕ್ಷೆಯ ಸೌಲಭ್ಯವನ್ನು ನಿರೀಕ್ಷಿಸಲಾಗದು. ಕೋಲಾರವಾಗಲಿ ತುಮಕೂರಾಗಲಿ ಬೆಂಗಳೂರಿನಿಂದ ಸುಮಾರು 70 ಕಿಲೋಮೀಟರ್ ದೂರದಲ್ಲಿರುವುದರಿಂದ, ಹೆಬ್ಬಾಳದ ಪಶುವೈದ್ಯಕೀಯ ಮಹಾವಿದ್ಯಾಲಯಕ್ಕೋ ನಗರದ ಯಾವುದಾದರೂ ಪಶುರೋಗ ಪ್ರಯೋಗಾಲಯಕ್ಕೋ ಮಾದರಿಯನ್ನು ಅದೇ ದಿನ ಮುಟ್ಟಿಸುವುದು ಕಷ್ಟವಲ್ಲ. ಸ್ವ್ಯಾಬನ್ನು ಸಾಗಣೆ ದ್ರಾವಣವಿರುವ ಕೊಳವೆಯಲ್ಲೇ ಇಡಬೇಕು, ಬಿಸಿಲಿಗೆ ಒಡ್ಡದೆ ತಂಪಾಗಿರಿಸಿ ಕೊಂಡೊಯ್ಯಬೇಕು, ಫ್ರೀಜರಿನಲ್ಲಿ ಇಡಬಾರದು. ಬಸ್ಸಿನ ಎಂಜಿನ್ ಪಕ್ಕದ ಸೀಟಿನ ಮೇಲೆ ಪೊಟ್ಟಣವನ್ನಿಟ್ಟು ಕಳುಹಿಸುವುದಕ್ಕಿಂತ ಕೈಚೀಲದಲ್ಲಿಟ್ಟುಕೊಂಡು ತಾವೇ ಹೋಗುವುದು ಲೇಸು. ನಾಯಿಯನ್ನೇ ಕರೆದುಕೊಂಡು ಹೋದರೆ ಇನ್ನೂ ಒಳ್ಳೆಯದು. ವರದಿ ಬರಲು ಮೂರರಿಂದ ಐದು ದಿನ ಹಿಡಿಯುತ್ತದೆ. ಜ್ವರ, ಊಟ ಬಿಡುವುದು, ಮಂಕುತನ ಇಲ್ಲದ ಮೇಲ್ಪದರದ ಸೋಂಕಾದರೆ ಈ ದಿನಗಳಲ್ಲಿ ಮಾತ್ರೆಯಿಲ್ಲದೆ ಕೇವಲ ಔಷಧದ ಸ್ನಾನ ಮಾಡಿಸುತ್ತ ಕಾಯಬಹುದು.

ವರದಿ ಕೈಗೆ ಬಂದಾಗ ಔಷಧಗಳ ಹೆಸರಿನ ಮುಂದೆ ಎಸ್, ಐ, ಆರ್ ಎಂಬ ಅಕ್ಷರಗಳಿರುತ್ತವೆ. ಎಸ್ ಎಂದರೆ ಔಷಧಕ್ಕೆ ಬ್ಯಾಕ್ಟೀರಿಯಾ ಬಗ್ಗುತ್ತದೆ, ಆರ್ ಎಂದರೆ ಬಗ್ಗುವುದಿಲ್ಲ, ಐ ಎಂದರೆ ಪ್ರಮಾಣ ಹೆಚ್ಚಿಸಿದರೆ ಬಗ್ಗೀತು. ಮೊದಲು ನೋಡಬೇಕಾದ್ದು ಆಕ್ಸಾಸಿಲಿನ್ ಎಂಬ ಸಾಲನ್ನು. ಈ ಔಷಧವನ್ನು ಸಾಮಾನ್ಯವಾಗಿ ನಾಯಿಗೆ ಕೊಡುವುದಿಲ್ಲ, ಪರೀಕ್ಷೆಯಲ್ಲಿ ಸೂಚಕವಾಗಿ ಬಳಸುತ್ತಾರೆ. ಅದರ ಮುಂದೆ ಆರ್ ಇದ್ದರೆ, ಅದೇ ಹಾಳೆಯಲ್ಲಿ ಸೆಫಲೋಸ್ಪೊರಿನ್ ಒಂದರ ಮುಂದೆ ಎಸ್ ಎಂದು ಮುದ್ರಿಸಿದ್ದರೂ ಆ ಇಡೀ ವಂಶವನ್ನು ಕೈಬಿಡಬೇಕು. ಎರಿಥ್ರೊಮೈಸಿನ್‌ಗೆ ಆರ್ ಇದ್ದು ಕ್ಲಿಂಡಾಮೈಸಿನ್‌ಗೆ ಎಸ್ ಇದ್ದರೆ, ಈ ಎರಡು ಔಷಧಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡುವ ಡಿ-ಟೆಸ್ಟ್ ಎಂಬ ಪರೀಕ್ಷೆ ಮಾಡಿದ್ದಾರೆಯೇ ಎಂದು ವಿಚಾರಿಸಬೇಕು, ಏಕೆಂದರೆ ಅಂಥ ತಳಿ ಚಿಕಿತ್ಸೆಯ ನಡುವೆಯೇ ಕ್ಲಿಂಡಾಮೈಸಿನ್‌ಗೂ ತಿರುಗಿಬೀಳಬಹುದು. ವರದಿಯಲ್ಲಿ ಎಂಐಸಿ ಎಂಬ, ಅಂದರೆ ಬ್ಯಾಕ್ಟೀರಿಯಾದ ಬೆಳವಣಿಗೆಯನ್ನು ತಡೆಯಲು ಬೇಕಾಗುವ ಔಷಧದ ಕನಿಷ್ಠ ಸಾಂದ್ರತೆಯನ್ನು ತೋರಿಸುವ ಅಂಕಿಗಳಿದ್ದರೆ, ಎಲ್ಲಕ್ಕಿಂತ ಚಿಕ್ಕ ಅಂಕಿಯ ಔಷಧವೇ ಒಳ್ಳೆಯದೆಂದು ಲೆಕ್ಕ ಹಾಕಬಾರದು. ಒಂದೊಂದು ಔಷಧಕ್ಕೂ ಅಳತೆಗೋಲು ಬೇರೆ. ಹಾಳೆಯಲ್ಲಿ ಆರ್‌ಗಳ ಸಾಲು ಉದ್ದವಿದೆಯೆಂದು ಎದೆಗುಂದಬೇಕಾಗಿಯೂ ಇಲ್ಲ. ಆ ಅಕ್ಷರಗಳು ನುಂಗಿಸುವ ಅಥವಾ ಚುಚ್ಚುವ ಔಷಧದ ವಿಷಯವನ್ನು ಹೇಳುತ್ತವೆ. ಚರ್ಮದ ಮೇಲೆ ನೇರವಾಗಿ ಹಾಕುವ ಔಷಧ ಅದರ ಎಷ್ಟೋ ಪಟ್ಟು ಸಾಂದ್ರವಾಗಿರುವುದರಿಂದ ಅದರ ಲೆಕ್ಕವೇ ಬೇರೆ.

ಸ್ನಾನವೇ ಮುಖ್ಯ ಚಿಕಿತ್ಸೆ

ಮೇಲ್ಪದರದ ಸೋಂಕಾದರೆ, ಅದು ಔಷಧಕ್ಕೆ ಬಗ್ಗದ ತಳಿಯೇ ಆಗಿದ್ದರೂ, ಕ್ಲೋರ್‌ಹೆಕ್ಸಿಡಿನ್ ಬಳಸಿದ ಸ್ನಾನದಿಂದಲೇ ಗುಣವಾಗಬಹುದು. ಇಂದು ಚರ್ಮರೋಗ ಪಶುವೈದ್ಯರು ಮೊದಲ ಆಯ್ಕೆಯಾಗಿ ಹೇಳುವುದು ಇದನ್ನೇ. ನಮ್ಮಲ್ಲಿ ಸ್ನಾನವೆಂದರೆ ಮೈಕೊಳೆ ತೆಗೆಯುವ ಕೆಲಸ, ಔಷಧವೆಂದರೆ ಮಾತ್ರೆ ಎಂಬ ಭಾವನೆ ಗಟ್ಟಿಯಾಗಿ ಕೂತಿರುವುದರಿಂದ, ಶಾಂಪೂ ಬಾಟಲಿಯನ್ನು ಬರೆದುಕೊಟ್ಟ ವೈದ್ಯರನ್ನು ಅನುಮಾನದಿಂದ ನೋಡುವವರೂ ಇದ್ದಾರೆ. ಶೇಕಡ 2ರಿಂದ 4ರಷ್ಟು ಕ್ಲೋರ್‌ಹೆಕ್ಸಿಡಿನ್ ಇರುವ, ನಾಯಿಗೆಂದೇ ತಯಾರಿಸಿದ ಶಾಂಪೂವನ್ನು ಬಾಟಲಿಯ ಮೇಲಿನ ಅಂಕಿಯನ್ನು ಓದಿಯೇ ಕೊಳ್ಳಬೇಕು. ಡೆಟಾಲ್, ಫಿನಾಯಿಲ್‌ನಂಥವು ಇದಕ್ಕೆ ಬದಲಿಯಲ್ಲ. ಅವು ಹುಣ್ಣಾದ ಚರ್ಮವನ್ನು ಸುಡುತ್ತವೆ, ನೆಕ್ಕಿಕೊಂಡರೆ ಹೊಟ್ಟೆಗೂ ಕೇಡು.

ಆರಂಭದಲ್ಲಿ ವಾರಕ್ಕೆ ಎರಡು ಅಥವಾ ಮೂರು ಸ್ನಾನ ಬೇಕು. ಉದ್ದ ಕೂದಲಿನ ನಾಯಿಯಾದರೆ ಗಾಯವಿರುವ ಕಡೆ ಕೂದಲನ್ನು ಟ್ರಿಮ್ಮರಿನಿಂದ ಗಿಡ್ಡ ಮಾಡಿಸಬೇಕು, ಇಲ್ಲವಾದರೆ ಔಷಧ ಕೂದಲನ್ನಷ್ಟೇ ತೊಳೆದು ಹರಿದುಹೋಗುತ್ತದೆ. ಎಣ್ಣೆ ಹಚ್ಚಿದ ಮೈಗೂ ಇದೇ ಮಾತು. ಹೊಂಗೆ ಎಣ್ಣೆ, ಬೇವಿನೆಣ್ಣೆ, ತುಮಕೂರಿನ ಕಡೆ ಕೈಗೆ ಸುಲಭವಾಗಿ ಸಿಗುವ ಕೊಬ್ಬರಿ ಎಣ್ಣೆ, ಯಾವುದನ್ನು ಬಳಿದಿದ್ದರೂ ಅದರ ಪದರದ ಮೇಲೆ ಕ್ಲೋರ್‌ಹೆಕ್ಸಿಡಿನ್ ನಿಲ್ಲುವುದಿಲ್ಲ. ಗ್ಯಾರೇಜಿನ ಸುಟ್ಟ ಎಂಜಿನ್ ಆಯಿಲ್ ಹಚ್ಚುವ ಪದ್ಧತಿಯಂತೂ ನಾಯಿಗೆ ವಿಷ ಉಣಿಸಿದಂತೆಯೇ ಸರಿ.

ಸ್ನಾನದ ಕ್ರಮ ಹೀಗಿರಲಿ. ಮೊದಲು ಉಗುರುಬೆಚ್ಚಗಿನ ನೀರಿನಿಂದ ಧೂಳು, ಕೊಳೆ, ಸಡಿಲವಾದ ಹಕ್ಕಳೆ ಹೋಗುವಂತೆ ಮೈಯನ್ನು ಪೂರ್ತಿ ತೋಯಿಸಬೇಕು. ತೀರ ಕೊಳೆಯಾಗಿದ್ದರೆ ಸಾದಾ ನಾಯಿ ಶಾಂಪೂ ಹಾಕಿ ಉಜ್ಜಬಹುದು, ಆದರೆ ಅದನ್ನು ಒಂದಿಷ್ಟೂ ಉಳಿಯದಂತೆ ತೊಳೆದುಬಿಡಬೇಕು. ಸೋಪಿನ ಅಂಶ ಉಳಿದರೆ ಕ್ಲೋರ್‌ಹೆಕ್ಸಿಡಿನ್‌ನ ಶಕ್ತಿ ಕುಂದುತ್ತದೆ. ನಮ್ಮ ಬೋರ್‌ವೆಲ್ ನೀರಿನ ಗಡಸುತನವನ್ನೂ ಇಲ್ಲಿ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗುತ್ತದೆ. ಅದರಲ್ಲಿರುವ ಲವಣಗಳು ಕ್ಲೋರ್‌ಹೆಕ್ಸಿಡಿನ್ ಅನ್ನು ಗರಣೆಗಟ್ಟಿಸಬಲ್ಲವು, ನೊರೆಯೂ ಸರಿಯಾಗಿ ಏಳುವುದಿಲ್ಲ. ಆದ್ದರಿಂದ ಶಾಂಪೂವನ್ನು ಹರಡಲು ಅನುಕೂಲವಾಗುವಂತೆ ಸ್ವಲ್ಪ ತೆಳುಮಾಡಿಕೊಳ್ಳಬೇಕಿದ್ದರೆ, ಊರಿನ ಶುದ್ಧ ಕುಡಿಯುವ ನೀರಿನ ಘಟಕದಿಂದ ತಂದ ಕ್ಯಾನಿನ ನೀರನ್ನು ಒಂದು ಚೊಂಬಿನಷ್ಟು ಬಳಸಿಕೊಂಡು, ಕೊನೆಯಲ್ಲಿ ತೊಳೆಯಲು ಮಾತ್ರ ಬೋರ್‌ವೆಲ್ ನೀರನ್ನು ಉಪಯೋಗಿಸುವುದು ನನ್ನ ಸಲಹೆ. ನೊರೆ ಬರಲಿಲ್ಲವೆಂದು ಬಾಟಲಿಯನ್ನು ಅರ್ಧ ಖಾಲಿಮಾಡಬೇಕಾಗಿಲ್ಲ. ನೊರೆಗೂ ಔಷಧದ ಗುಣಕ್ಕೂ ಸಂಬಂಧವಿಲ್ಲ.

ಗಾಯ ಹೆಚ್ಚಿರುವ ಕಡೆಯಿಂದಲೇ ಹಚ್ಚಲು ಶುರುಮಾಡಬೇಕು, ಏಕೆಂದರೆ ಮೊದಲು ಹಚ್ಚಿದ ಜಾಗದಲ್ಲಿ ಔಷಧ ಹೆಚ್ಚು ಹೊತ್ತು ನಿಲ್ಲುತ್ತದೆ. ಕಂಕುಳು, ತೊಡೆಸಂದು, ಬೆರಳುಗಳ ನಡುವೆ, ಬಾಲದ ಬುಡ, ಗಂಟಲಿನ ಮಡಿಕೆಗಳನ್ನು ಬಿಡಬಾರದು. ಕಣ್ಣಿಗೆ ಮತ್ತು ಕಿವಿಯ ಒಳಗೆ ಮಾತ್ರ ಒಂದು ಹನಿಯೂ ಹೋಗಬಾರದು: ಕಣ್ಣಿನ ಪಾರದರ್ಶಕ ಪದರಕ್ಕೂ, ತಮಟೆ ಹರಿದಿರುವ ಕಿವಿಗೂ ಕ್ಲೋರ್‌ಹೆಕ್ಸಿಡಿನ್ ಹಾನಿ ಮಾಡುತ್ತದೆ. ಮುಖಕ್ಕೆ ಒದ್ದೆಬಟ್ಟೆಯಿಂದ ಒರೆಸಿದರೆ ಸಾಕು. ಹಚ್ಚಿ ಮುಗಿದ ಮೇಲೆ ಗಡಿಯಾರ ನೋಡಿಕೊಂಡು ಹತ್ತು ನಿಮಿಷ ಬಿಡಬೇಕು. ಈ ಹತ್ತು ನಿಮಿಷದಲ್ಲೇ ಬಹುತೇಕ ಎಲ್ಲರೂ ಸೋಲುತ್ತಾರೆ. ನಾಯಿ ಮೈಕೊಡವುತ್ತದೆ, ಹಿಡಿದವರ ಬಟ್ಟೆ ತೊಯ್ಯುತ್ತದೆ, ಮೂರನೇ ನಿಮಿಷಕ್ಕೆ ‘ಸಾಕು ಬಿಡಿ’ ಎಂದು ನೀರು ಸುರಿದುಬಿಡುತ್ತಾರೆ. ಮೂರು ನಿಮಿಷದ ಸ್ನಾನವನ್ನು ಎಷ್ಟು ಬಾರಿ ಮಾಡಿಸಿದರೂ ಹತ್ತು ನಿಮಿಷದ ಸ್ನಾನಕ್ಕೆ ಸಮನಾಗುವುದಿಲ್ಲ. ಬಚ್ಚಲುಮನೆಯ ಬಾಗಿಲು ಹಾಕಿಕೊಂಡು, ಒಬ್ಬರು ಕೊರಳಪಟ್ಟಿ ಹಿಡಿದು ಮಾತನಾಡಿಸುತ್ತಿದ್ದು, ಇನ್ನೊಬ್ಬರು ಮೈಯನ್ನು ನಿಧಾನವಾಗಿ ತಿಕ್ಕುತ್ತಿದ್ದರೆ ಆ ಹೊತ್ತು ಕಳೆಯುತ್ತದೆ. ನೆಕ್ಕಲು ಬಿಡಬಾರದು. ನಂತರ ಚೆನ್ನಾಗಿ ತೊಳೆದು, ಒಣ ಟವೆಲಿನಿಂದ ಉಜ್ಜದೆ ಒತ್ತಿ ಒತ್ತಿ ನೀರು ಹೀರಿಸಿ, ಮಡಿಕೆಗಳಲ್ಲಿ ತೇವ ನಿಲ್ಲದಂತೆ ಒಣಗಿಸಬೇಕು.

ಸ್ನಾನವಿಲ್ಲದ ದಿನಗಳಲ್ಲಿ ಕ್ಲೋರ್‌ಹೆಕ್ಸಿಡಿನ್ ಸ್ಪ್ರೇ ಅಥವಾ ಒರೆಸುವ ಬಟ್ಟೆಯನ್ನು ಬಳಸಬಹುದು. ಒಂದೆರಡು ಕಡೆ ಮಾತ್ರ ಗಾಯವಿದ್ದರೆ ವೈದ್ಯರು ಮ್ಯುಪಿರೊಸಿನ್ ಅಥವಾ ಫ್ಯುಸಿಡಿಕ್ ಆಸಿಡ್ ಮುಲಾಮನ್ನು ಬರೆಯಬಹುದು. ನೆಕ್ಕದಂತೆ ತಡೆಯಲು ಕೊರಳಿಗೆ ಹಾಕುವ ಪ್ಲಾಸ್ಟಿಕ್ ಕೋನ್ ಬೇಕು. ಸಿಗದಿದ್ದರೆ ತಳ ಕತ್ತರಿಸಿ ಅಂಚಿಗೆ ಬಟ್ಟೆ ಸುತ್ತಿದ ಹಳೆಯ ಬಕೆಟ್ಟೂ ಆದೀತು.

ಕೆರೆಯ ಈಜನ್ನು ಈ ಅವಧಿಯಲ್ಲಿ ನಿಲ್ಲಿಸಬೇಕು. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಡಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಹರಿದು ಕೋಲಾರದ ಕೆರೆಗಳು ತುಂಬಿವೆ, ಅಂತರ್ಜಲಕ್ಕೆ ಅದರಿಂದ ಆಗಿರುವ ಉಪಕಾರದ ಚರ್ಚೆ ಬೇರೆ. ತೆರೆದ ಹುಣ್ಣಿರುವ ನಾಯಿಗೆ ಆ ನೀರೂ ಬೇಡ, ಬೇರೆ ಕೆರೆಯ ನೀರೂ ಬೇಡ.

ಮಾತ್ರೆ ಬೇಕೇ ಬೇಕಾದಾಗ

ಸೋಂಕು ಆಳಕ್ಕಿಳಿದಿದ್ದರೆ, ಅಥವಾ ಸ್ನಾನದಿಂದ ಹಿಡಿತಕ್ಕೆ ಬರದಷ್ಟು ಹರಡಿದ್ದರೆ ವರದಿ ನೋಡಿ ವೈದ್ಯರು ಕ್ಲಿಂಡಾಮೈಸಿನ್, ಡಾಕ್ಸಿಸೈಕ್ಲಿನ್, ಎನ್ರೊಫ್ಲಾಕ್ಸಸಿನ್, ಟ್ರೈಮೆಥೊಪ್ರಿಮ್-ಸಲ್ಫಾ ಇವುಗಳಲ್ಲಿ ಒಂದನ್ನು ಆರಿಸುತ್ತಾರೆ. ಆಗಲೂ ಸ್ನಾನ ನಿಲ್ಲುವುದಿಲ್ಲ. ಒಂದೊಂದಕ್ಕೂ ಎಚ್ಚರಿಕೆಗಳಿವೆ: ಎನ್ರೊಫ್ಲಾಕ್ಸಸಿನ್ ಬೆಳೆಯುವ ಮರಿಗಳ ಕೀಲಿನ ಮೃದ್ವಸ್ಥಿಯನ್ನು ಕೆಡಿಸಬಹುದು, ಸಲ್ಫಾ ಕೆಲವು ನಾಯಿಗಳಲ್ಲಿ ಕಣ್ಣೀರನ್ನು ಒಣಗಿಸಬಹುದು, ಡಾಬರ್‌ಮನ್ ತಳಿಗೆ ಅದು ಒಗ್ಗದಿರುವುದೇ ಹೆಚ್ಚು.

ಮಾತ್ರೆ ಕೊಡುವ ಬಗೆಯಲ್ಲಿ ನಮ್ಮ ಕಡೆಯ ಒಂದು ಅಭ್ಯಾಸವನ್ನು ಕುರಿತು ಪ್ರತ್ಯೇಕವಾಗಿ ಹೇಳಬೇಕು. ರಾಗಿಮುದ್ದೆಯ ಉಂಡೆಯೊಳಗೆ ಮಾತ್ರೆಯನ್ನು ಹುದುಗಿಸಿ ನುಂಗಿಸುವುದು ಎಲ್ಲರಿಗೂ ಗೊತ್ತಿರುವ ಉಪಾಯ, ಸೆಫಲೆಕ್ಸಿನ್‌ನಂಥ ಮಾತ್ರೆಗೆ ಅದರಿಂದ ತೊಂದರೆಯೂ ಇಲ್ಲ. ಆದರೆ ಡಾಕ್ಸಿಸೈಕ್ಲಿನ್ ಮತ್ತು ಎನ್ರೊಫ್ಲಾಕ್ಸಸಿನ್ ಎರಡೂ ಕ್ಯಾಲ್ಸಿಯಂ ಜೊತೆ ಅಂಟಿಕೊಂಡು ರಕ್ತಕ್ಕೆ ಸೇರದೆ ಹೊರಹೋಗುವ ಗುಣವುಳ್ಳವು. ಅದಕ್ಕಾಗಿಯೇ ಹಾಲು, ಮೊಸರಿನ ಜೊತೆ ಅವನ್ನು ಕೊಡಬಾರದೆನ್ನುತ್ತಾರೆ. ರಾಗಿಯಲ್ಲಿ 100 ಗ್ರಾಮಿಗೆ ಸುಮಾರು 340 ಮಿಲಿಗ್ರಾಂ ಕ್ಯಾಲ್ಸಿಯಂ ಇರುವುದರಿಂದ, ಇವೆರಡು ಮಾತ್ರೆಗಳಿಗೆ ಮುದ್ದೆಯನ್ನೂ ಮೊಸರನ್ನವನ್ನೂ ಬಿಟ್ಟು, ಬೇಯಿಸಿದ ಮೊಟ್ಟೆಯ ಚೂರನ್ನೋ ಕೋಳಿಮಾಂಸದ ತುಂಡನ್ನೋ ಬರಿ ಅನ್ನದ ಉಂಡೆಯನ್ನೋ ಬಳಸುವುದು ಜಾಣತನ. ಮುದ್ದೆಯ ಊಟವನ್ನು ಎರಡು ಮೂರು ಗಂಟೆ ಬಿಟ್ಟು ಹಾಕಬಹುದು. ಡಾಕ್ಸಿಸೈಕ್ಲಿನ್ ಗಂಟಲಲ್ಲಿ ಸಿಕ್ಕಿಕೊಂಡರೆ ಅನ್ನನಾಳವನ್ನು ಸುಡುವುದರಿಂದ ಅದರ ಹಿಂದೆ ನೀರು ಕುಡಿಸಲೇಬೇಕು.

ಇವು ಯಾವುದಕ್ಕೂ ಬಗ್ಗದಿದ್ದಾಗ ಕ್ಲೋರಾಂಫೆನಿಕಾಲ್, ಅಮಿಕಾಸಿನ್, ರಿಫಾಂಪಿಸಿನ್‌ಗಳ ಮಾತು ಬರುತ್ತದೆ. ಕ್ಲೋರಾಂಫೆನಿಕಾಲ್ ಕೆಲವು ಮನುಷ್ಯರಲ್ಲಿ ಮೂಳೆಮಜ್ಜೆಯನ್ನೇ ಕೆಡಿಸಿಬಿಡುವ ಔಷಧವಾದ್ದರಿಂದ ಅದನ್ನು ಕೈಗವಸು ಹಾಕಿಕೊಂಡೇ ಮುಟ್ಟಬೇಕು. ಅಮಿಕಾಸಿನ್ ಇಂಜೆಕ್ಷನ್ನಿಗೆ ಮೂತ್ರಪಿಂಡದ, ರಿಫಾಂಪಿಸಿನ್‌ಗೆ ಯಕೃತ್ತಿನ ರಕ್ತಪರೀಕ್ಷೆ ನಡೆಯುತ್ತಿರಬೇಕು. ರಿಫಾಂಪಿಸಿನ್ ಕೊಟ್ಟಾಗ ಮೂತ್ರ ಕಿತ್ತಳೆಗೆಂಪಾದರೆ ಗಾಬರಿ ಬೇಡ. ಅದು ಕ್ಷಯರೋಗದ ಮದ್ದು. ಅದನ್ನೂ ಸೆಫ್‌ಪೊಡಾಕ್ಸಿಮ್ ಅನ್ನೂ ಸರ್ಕಾರ ಎಚ್-1 ಪಟ್ಟಿಯಲ್ಲಿಟ್ಟಿದೆ, ಅಂದರೆ ಔಷಧದ ಅಂಗಡಿಯವರು ಚೀಟಿಯಿಲ್ಲದೆ ಮಾರುವಂತಿಲ್ಲ, ಮಾರಿದ್ದನ್ನು ಪುಸ್ತಕದಲ್ಲಿ ಬರೆದಿಡಬೇಕು. ಲಿನೆಜೊಲಿಡ್, ವ್ಯಾಂಕೊಮೈಸಿನ್‌ಗಳ ಮುಂದೆ ವರದಿಯಲ್ಲಿ ಎಸ್ ಎಂದಿದ್ದರೂ ಅವನ್ನು ನಾಯಿಗೆ ಕೇಳಬಾರದು; ಮನುಷ್ಯರ ಜೀವ ಉಳಿಸಲು ಕೊನೆಯದಾಗಿ ಉಳಿದಿರುವ ಔಷಧಗಳು ಅವು.

ಮೇಲ್ಪದರದ ಸೋಂಕಿಗೆ ಎರಡು ವಾರದ ಹೊತ್ತಿಗೆ, ಆಳದ್ದಕ್ಕೆ ಮೂರು ವಾರದ ಹೊತ್ತಿಗೆ, ಮಾತ್ರೆ ಮುಗಿಯುವ ಮೊದಲೇ ವೈದ್ಯರಿಗೆ ನಾಯಿಯನ್ನು ತೋರಿಸಬೇಕು. ಮುಂದುವರಿಸುವುದೋ ನಿಲ್ಲಿಸುವುದೋ ಎಂಬ ತೀರ್ಮಾನ ಅವರದು. ಒಂದೇ ಜಾಗದ ಫೋಟೊವನ್ನು ಒಂದೇ ಬೆಳಕಿನಲ್ಲಿ ವಾರಕ್ಕೊಮ್ಮೆ ಮೊಬೈಲಿನಲ್ಲಿ ತೆಗೆದಿಟ್ಟರೆ ಆ ದಿನ ಉಪಯೋಗಕ್ಕೆ ಬರುತ್ತದೆ. ಜ್ವರ ಬಂದರೆ, ಊಟ ಬಿಟ್ಟರೆ, ಗಾಯದಲ್ಲಿ ಹುಳ ಕಂಡರೆ ಅಷ್ಟು ದಿನ ಕಾಯದೆ ಕೂಡಲೇ ಕರೆದೊಯ್ಯಬೇಕು.

ಮನೆಯವರು, ಕೊಟ್ಟಿಗೆ, ಹಾಸಿಗೆ

ಈ ಬ್ಯಾಕ್ಟೀರಿಯಾ ನಾಯಿಯಿಂದ ಮನುಷ್ಯರಿಗೆ ದಾಟುವುದುಂಟು, ಕಾಯಿಲೆ ಮಾಡುವುದು ಅಪರೂಪ. ಮನೆಯಲ್ಲಿ ಸಕ್ಕರೆ ಕಾಯಿಲೆಯಿಂದ ಕಾಲಿನಲ್ಲಿ ಹುಣ್ಣಾಗಿರುವ ಹಿರಿಯರಿದ್ದರೆ, ಆಪರೇಷನ್ ಆದವರೋ ಕ್ಯಾನ್ಸರ್ ಚಿಕಿತ್ಸೆ ಪಡೆಯುತ್ತಿರುವವರೋ ಹಸುಗೂಸೋ ಇದ್ದರೆ, ನಾಯಿ ಅವರನ್ನು ನೆಕ್ಕದಂತೆ, ಅವರ ಹಾಸಿಗೆ ಏರದಂತೆ ನೋಡಿಕೊಂಡು, ಅವರ ವೈದ್ಯರ ಕಿವಿಗೂ ವಿಷಯ ಹಾಕಬೇಕು. ಉಳಿದವರಿಗೆ ಸೋಪಿನಿಂದ ಕೈತೊಳೆಯುವುದು ಮತ್ತು ಗಾಯ ಮುಟ್ಟುವಾಗ ಕೈಗವಸು ಸಾಕು. ವರದಿಯಲ್ಲಿ ದೊಡ್ಡ ಹೆಸರು ನೋಡಿ ಹೆದರಿ ನಾಯಿಯನ್ನು ಊರಾಚೆ ಬಿಟ್ಟುಬರುವಂಥ ಪರಿಸ್ಥಿತಿ ಇದಲ್ಲ. ಗುಣವಾಗುವವರೆಗೆ ಬೇರೆ ನಾಯಿಗಳ ಜೊತೆ ಬಿಡುವುದು, ಬೋರ್ಡಿಂಗಿಗೆ ಕಳಿಸುವುದು ಬೇಡ, ಆಸ್ಪತ್ರೆಗೆ ಹೋಗುವ ಮೊದಲು ಫೋನಿನಲ್ಲಿ ತಿಳಿಸಿದರೆ ಕೊನೆಯ ಸರದಿ ಕೊಡುತ್ತಾರೆ.

ಮಲಗುವ ಗೋಣಿಚೀಲ, ಹಳೆಯ ಕಂಬಳಿಗಳನ್ನು ವಾರಕ್ಕೆರಡು ಬಾರಿ ಕುದಿಯುವ ನೀರಿನಲ್ಲಿ ಅದ್ದಿ ಒಗೆದು ಸುಡುಬಿಸಿಲಿನಲ್ಲಿ ಒಣಗಿಸಬೇಕು. ನೆಲಕ್ಕೆ, ಶಿಡ್ಲಘಟ್ಟದ ಕಡೆಯ ರೇಷ್ಮೆಹುಳು ಸಾಕುವ ಮನೆಗಳಲ್ಲಿ ಸದಾ ಇರುವ ಬ್ಲೀಚಿಂಗ್ ಪೌಡರ್ ಸಾಕು: ಒಂದು ಲೀಟರ್ ನೀರಿಗೆ ಒಂದು ಟೀ ಚಮಚ ಕದಡಿ, ತಿಳಿಯನ್ನು ಬಸಿದು, ಮೊದಲೇ ಗುಡಿಸಿ ತೊಳೆದ ನೆಲದ ಮೇಲೆ ಹತ್ತು ನಿಮಿಷ ಬಿಟ್ಟು, ಚೆನ್ನಾಗಿ ತೊಳೆದು ಒಣಗಿದ ಮೇಲಷ್ಟೇ ನಾಯಿಯನ್ನು ಬಿಡಬೇಕು. ಇದನ್ನು ಆಸಿಡ್ಡಿನೊಂದಿಗೆ ಬೆರೆಸಿದರೆ ವಿಷಾನಿಲ ಏಳುತ್ತದೆ. ನಾಯಿಯ ಮೈಗೆ ಹಾಕಲೇಬಾರದು.

ಹಸು ಸಾಕುವ ಮನೆಗಳಿಗೆ ಒಂದು ವಿಶೇಷ ಸೂಚನೆ ಇದೆ. ಕೆಚ್ಚಲು ಬಾವಿಗೆ ಔಷಧ ಹಾಕಿಸಿದ ಹಸುವಿನ ಹಾಲನ್ನು ಡೇರಿಗೆ ಹಾಕುವಂತಿಲ್ಲವಾದ್ದರಿಂದ ಅದನ್ನು ನಾಯಿಯ ತಟ್ಟೆಗೆ ಸುರಿಯುವವರಿದ್ದಾರೆ. ಅದರಲ್ಲಿ ಉಳಿದಿರುವ ಆಂಟಿಬಯಾಟಿಕ್ ಸ್ವಲ್ಪ ಸ್ವಲ್ಪವಾಗಿ ನಾಯಿಯ ಮೈಸೇರಿ, ಅದರ ಮೈಮೇಲಿರುವ ಬ್ಯಾಕ್ಟೀರಿಯಾಗಳಲ್ಲಿ ಗಟ್ಟಿಗವಷ್ಟೇ ಉಳಿಯುವಂತೆ ಮಾಡುತ್ತದೆ. ಕೆಚ್ಚಲಿಗೆ ಹಾಕಿ ಉಳಿದ ಟ್ಯೂಬನ್ನು ನಾಯಿಯ ಗಾಯಕ್ಕೆ ಹಿಂಡುವುದರಿಂದಲೂ ಆಗುವುದು ಇದೇ. ಆ ಹಾಲನ್ನು ಕರುವಿಗೂ ಹಾಕದೆ ಗುಂಡಿಗೆ ಚೆಲ್ಲುವುದೇ ಸರಿ.

ಮೂಲ ಹುಡುಕದಿದ್ದರೆ ಇದೆಲ್ಲ ಮತ್ತೆ ಮತ್ತೆ ಮಾಡಬೇಕಾಗುತ್ತದೆ. ಉಣ್ಣೆ ಮತ್ತು ಚಿಗಟ ಮೊದಲ ಆರೋಪಿಗಳು. ತಿಂಗಳಿಗೊಮ್ಮೆ ಹಾಕುವ ಫಿಪ್ರೊನಿಲ್ ಅಥವಾ ನುಂಗಿಸುವ ಫ್ಲೂರಲನರ್, ಅಫೋಕ್ಸೊಲನರ್‌ನಂಥವು ಇದಕ್ಕಿವೆ, ಫಿಟ್ಸ್ ಬರುವ ನಾಯಿಯಾದರೆ ನುಂಗಿಸುವ ಮೊದಲು ವೈದ್ಯರಿಗೆ ಹೇಳಬೇಕು. ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್‌ಗಳಲ್ಲಿ ಅಲರ್ಜಿ ಹೆಚ್ಚು: ಪಂಜ ನೆಕ್ಕುವುದು, ಕಿವಿ ಕೆರೆಯುವುದು, ಮುಖ ತಿಕ್ಕುವುದು ವರ್ಷವಿಡೀ ಇದ್ದರೆ ಸೋಂಕು ಅದರ ಬಾಲವಷ್ಟೇ, ತಲೆ ಅಲರ್ಜಿಯದು. ವಯಸ್ಸಾದ ನಾಯಿ ತುರಿಕೆಯಿಲ್ಲದೆ ಬರಿ ಗುಳ್ಳೆಗಳಿಂದ ನರಳುತ್ತಿದ್ದರೆ, ದಪ್ಪಗಾಗಿ ಮಂಕಾಗಿದ್ದರೆ, ಥೈರಾಯ್ಡ್ ಮತ್ತು ಕುಶಿಂಗ್ (ಮೈಯಲ್ಲಿ ಕಾರ್ಟಿಸಾಲ್ ಹಾರ್ಮೋನು ಹೆಚ್ಚಾಗುವ) ಕಾಯಿಲೆಯ ಪರೀಕ್ಷೆ ಕೇಳಬೇಕು.

ಗಾಯಗಳೆಲ್ಲ ಮಾಗಿ ಕೂದಲು ಬಂದ ಮೇಲೂ ಆ ತಳಿ ನಾಯಿಯ ಮೂಗಿನಲ್ಲೋ ಬಾಯಲ್ಲೋ ತಿಂಗಳುಗಟ್ಟಲೆ ಉಳಿದುಕೊಂಡಿರಬಹುದು. ಅದನ್ನು ಬೇರುಸಹಿತ ತೆಗೆಯಲು ಮಾತ್ರೆ ಮುಂದುವರಿಸುವುದರಲ್ಲಿ ಅರ್ಥವಿಲ್ಲ, ಗುಣವಾದ ನಾಯಿಗೆ ಮತ್ತೆ ಕಲ್ಚರ್ ಮಾಡಿಸುವುದೂ ಅನಗತ್ಯ. ವಾರಕ್ಕೊಂದು ಕ್ಲೋರ್‌ಹೆಕ್ಸಿಡಿನ್ ಸ್ನಾನವನ್ನು ಮುಂದುವರಿಸಿ, ಹಳೆಯ ವರದಿಯನ್ನು ರೇಬಿಸ್ ಲಸಿಕೆಯ ಕಾರ್ಡಿನ ಜೊತೆಗೇ ಇಟ್ಟುಕೊಳ್ಳಬೇಕು. ಮುಂದೆ ಎಂದಾದರೂ ಗುಳ್ಳೆ ಕಂಡರೆ ಮೊದಲು ಮಾದರಿ ತೆಗೆಸಿ, ಆ ದಿನದಿಂದಲೇ ಸ್ನಾನವನ್ನು ವಾರಕ್ಕೆ ಮೂರಕ್ಕೆ ಏರಿಸಿ, ಹೊಸ ವೈದ್ಯರಾದರೆ ಅವರು ಚೀಟಿ ಬರೆಯುವ ಮೊದಲು ಆ ವರದಿಯನ್ನು ಅವರ ಮುಂದಿಡಬೇಕು.